ಹಸುರು ಗುಡಿಯ ಹಾದಿಯಲ್ಲಿ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಉತ್ತರದ ಅಂಚಿನಲ್ಲಿ ‘ಲಡ್ಸ್ ಚರ್ಚ್’ ಎಂಬ ಒಂದು ಸ್ಥಳವಿದೆ. ಚರ್ಚೆಂದು ಹೆಸರೇ ಹೊರತು ಅಲ್ಲಿ ಗೋಪುರವಿಲ್ಲ, ಗಂಟೆಯಿಲ್ಲ, ಪಾದ್ರಿಯಿಲ್ಲ. ತಲೆಯ ಮೇಲೊಂದು ಮಾಡು ಕೂಡ ಇಲ್ಲ. ಎಂದೋ ಒಂದು ಕಾಲದಲ್ಲಿ ಗುಡ್ಡದ ಮೈ ಜಾರಿ, ಬಂಡೆ ಸೀಳಿ ಬಾಯಿಬಿಟ್ಟುಕೊಂಡ ಕೊರಕಲು ಅದು. ಉದ್ದ ನೂರು ಮೀಟರಿಗಿಂತ ತುಸು ಹೆಚ್ಚು. ಬಹಳ ಆಳವಿರುವ ಕಡೆ 18 ಮೀಟರು. ಅಗಲವೋ, ಕೆಲವೆಡೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಇಷ್ಟನ್ನು ನೋಡಲು ಡಿಸೆಂಬರು ತಿಂಗಳ ಕೊನೆಯ ವಾರದಲ್ಲಿ, ಬೆಚ್ಚಗಿನ ಮನೆ ಬಿಟ್ಟು ಹೋಗುವವರಿಗೆ ಏನಾದರೊಂದು ಕಾರಣ ಬೇಕಷ್ಟೆ. ನಮಗಿದ್ದ ಕಾರಣ ಆರುನೂರು ವರ್ಷಗಳ ಹಿಂದಿನ ಒಂದು ಕಾವ್ಯ.

ನಮಗೆ ಎಂದರೆ ನನಗೆ, ನನ್ನ ಹೆಂಡತಿಗೆ, ಮತ್ತು ಮ್ಯಾಂಚೆಸ್ಟರಿನಲ್ಲಿ ಬಹುಕಾಲದಿಂದ ನೆಲಸಿರುವ ಕನ್ನಡದ ಗೆಳೆಯರೊಬ್ಬರಿಗೆ. ಕಾರು ಅವರದು, ಹುಚ್ಚು ನನ್ನದು. ಮ್ಯಾಂಚೆಸ್ಟರಿನಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಮ್ಯಾಕಲ್ಸ್‌ಫೀಲ್ಡ್, ಅನಂತರ ಲೀಕ್. ಎರಡೂ ಒಂದು ಕಾಲಕ್ಕೆ ರೇಷ್ಮೆಯ ಗಿರಣಿಗಳಿಂದ ಬದುಕಿದ ಊರುಗಳು. ಲೀಕಿನಲ್ಲಿ ಥಾಮಸ್ ವಾರ್ಡಲ್ (1831–1909) ಎಂಬ ಬಣ್ಣಗಾರನಿದ್ದ. ನಮ್ಮ ದೇಶದ ಕಾಡುರೇಷ್ಮೆಯಾದ ಟಸ್ಸರಿಗೆ ಬಣ್ಣ ಹಿಡಿಸುವುದು ಹೇಗೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಗೆದ್ದವನು. ಈ ಸೀಮೆಯ ಇನ್ನೊಂದು ವಿಶೇಷ ಓಟ್‌ಕೇಕು. ಕೇಕೆಂಬ ಹೆಸರಿಗೆ ಮೋಸಹೋಗಬೇಡಿ. ಅದು ಓಟ್ಸಿನ ಹಿಟ್ಟನ್ನು ಹುಳಿಬರಿಸಿ ಕಾವಲಿಯ ಮೇಲೆ ಹುಯ್ದು ತೆಗೆದ ದೋಸೆ. ನಮ್ಮ ರಾಗಿದೋಸೆಯ ದಾಯಾದಿಯೆಂದರೆ ಸಲ್ಲುತ್ತದೆ. ಚಟ್ನಿಯೊಂದಿಲ್ಲ ಎನ್ನುವುದೇ ಕೊರತೆ. ಎರಡೆರಡು ತಿಂದು ಮುಂದೆ ಹೊರಟೆವು.

ಊರು ದಾಟಿದರೆ ಮರವಿಲ್ಲದ ಕಂದು ಬಯಲು. ಕಲ್ಲು ಪೇರಿಸಿ ಕಟ್ಟಿದ ಬೇಲಿಗೋಡೆಗಳು ಗುಡ್ಡ ಹತ್ತಿ ಆಚೆ ಇಳಿದುಹೋಗುತ್ತವೆ. ದೂರದಲ್ಲಿ ‘ರೋಚಸ್’ ಎಂಬ ಬಂಡೆಸಾಲು, ಹಲ್ಲು ಕಿರಿದಂತೆ. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟಿನ ಪಶ್ಚಿಮದ ಸೆರಗು ಇದು. ಕಣಿವೆಯ ಕೆಳಗೆ ಡೇನ್ ನದಿ. ನದಿಯೆಂದೆ, ನಮ್ಮವರು ಹಳ್ಳವೆಂದಾರು. ಚೆಷೈರಿಗೂ ಸ್ಟಾಫರ್ಡ್‌ಶೈರಿಗೂ ಇಲ್ಲಿ ಅದೇ ಗಡಿ. ಗ್ರ್ಯಾಡ್‌ಬಾಕ್ ಎಂಬಲ್ಲಿ ಕಾರು ನಿಲ್ಲಿಸಿ, ಹಳೆಯ ಗಿರಣಿಯನ್ನು ಬಳಸಿಕೊಂಡು, ಒಂದು ತೊರೆ ದಾಟಿ, ‘ಬ್ಯಾಕ್ ಫಾರೆಸ್ಟ್’ ಎಂಬ ಕಾಡಿನೊಳಗೆ ಏರತೊಡಗಿದೆವು. ಓಕ್ ಮರಗಳು, ಬರ್ಚ್ ಮರಗಳು, ಎಲ್ಲವೂ ಎಲೆಯುದುರಿ ಬೋಳು. ಕಾಲ ಕೆಳಗೆ ಕೊಳೆತ ಎಲೆಯ ಕೆಸರು. ಮೇಲೆ ಮಂಜು. ಮಳೆಗಾಲದಲ್ಲಿ ಖಂಡಾಲ ಘಾಟಿನಲ್ಲಿ ನಡೆದು ಅಭ್ಯಾಸವಿದೆಯೆಂದು ನನ್ನ ಹೆಂಡತಿ ಮುಂದೆ ನಡೆದಳು. ಆದರೆ ಆ ಮಂಜಿಗೆ ಹಲ್ಲಿಲ್ಲ, ಈ ಮಂಜಿಗೆ ಹಲ್ಲುಂಟು.

ಕೊರಕಲಿನ ಬಾಯಿ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ. ಕಾಡಿನ ದಾರಿಯ ಪಕ್ಕದಲ್ಲಿ ಬಂಡೆ ಸೀಳಿದೆ. ಒಳಗೆ ಇಳಿದರೆ ಒಮ್ಮೆಲೇ ಎರಡು ಕಡೆಯೂ ಗೋಡೆ ಏಳುತ್ತದೆ. ಗೋಡೆ ಕಲ್ಲಿನದೋ ಪಾಚಿಯದೋ ಹೇಳಲಾಗದು. ಅಷ್ಟು ಹಸುರು. ಹೊರಗೆ ಇಡಿಯ ನಾಡೇ ಕಂದಾಗಿ ಬೂದಿಯಾಗಿ ಸತ್ತಂತಿರುವ ಕಾಲದಲ್ಲಿ ಇಲ್ಲೊಂದು ಕಡೆ ಹಸುರು ಉಸಿರು ಹಿಡಿದುಕೊಂಡು ಕುಳಿತಿದೆ. ಜರೀಗಿಡಗಳ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಮೇಲಕ್ಕೆ ನೋಡಿದರೆ ಆಕಾಶ ಒಂದು ಅಂಕುಡೊಂಕು ಪಟ್ಟಿ. ನಡುಬೇಸಗೆಯ ಕೆಲವು ದಿನ ಬಿಟ್ಟರೆ ಕೆಳಗೆ ಬಿಸಿಲು ಬೀಳುವುದಿಲ್ಲವಂತೆ. ಯಾಣದ ಬಂಡೆಗಳ ನಡುವೆ ನಿಂತು ಬಂದವರಿಗೆ ಈ ಅನುಭವದ ಒಂದಂಶ ಗೊತ್ತಿದ್ದೀತು. ಆದರೆ ಯಾಣದಲ್ಲಿ ಮೇಲೆ ನೋಡಬೇಕೆನಿಸುತ್ತದೆ; ಇಲ್ಲಿ ಹಿಂದೆ ತಿರುಗಿ ನೋಡಬೇಕೆನಿಸುತ್ತದೆ.

1958ರಲ್ಲಿ ರಾಲ್ಫ್ ಎಲಿಯಟ್ ಎಂಬ ವಿದ್ವಾಂಸರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ‘ಸರ್ ಗವೇನ್ ಮತ್ತು ಹಸುರು ವೀರ’ ಎಂಬ ಹಳೆಯ ಕಾವ್ಯದಲ್ಲಿ ಬರುವ ‘ಹಸುರು ಗುಡಿ’ ಈ ಲಡ್ಸ್ ಚರ್ಚೇ ಇರಬೇಕು ಎಂಬುದು ಅವರ ವಾದ. ಕಾವ್ಯದ ಕನ್ನಡಿಯಲ್ಲಿ ನಾಡನ್ನು ಹುಡುಕುವ ಈ ಕೆಲಸ ನನಗೆ ಬಹಳ ಇಷ್ಟ. ಕವಿ ಯಾರೋ ಯಾರಿಗೂ ಗೊತ್ತಿಲ್ಲ; ಭಾಷೆ ಮಾತ್ರ ತವರನ್ನು ಮುಚ್ಚಿಡಲಾರದು. ಚಾಸರ್ 1400ರಲ್ಲಿ ತೀರಿಕೊಂಡ. ಈತ ಅವನ ಸಮಕಾಲೀನ. ಆದರೆ ಚಾಸರನದು ಲಂಡನ್ನಿನ ನುಡಿ, ಇಂದಿನ ಇಂಗ್ಲಿಷು ಬಲ್ಲವರು ಕಷ್ಟಪಟ್ಟಾದರೂ ಓದಬಹುದು. ಈತನದು ಚೆಷೈರ್, ಸ್ಟಾಫರ್ಡ್‌ಶೈರ್ ಕಡೆಯ ಒರಟು ನುಡಿ, ಗುಡ್ಡಗಾಡಿನ ಶಬ್ದಗಳಿಂದ ತುಂಬಿದ್ದು. ಪ್ರಾಸವೂ ನಮ್ಮಂತೆ ಎರಡನೆಯ ಅಕ್ಷರದ್ದಲ್ಲ, ಸಾಲಿನುದ್ದಕ್ಕೂ ಮೊದಲ ಅಕ್ಷರಗಳದ್ದು. 2530 ಸಾಲುಗಳ ಕಾವ್ಯ. ಪ್ರಪಂಚದಲ್ಲಿ ಇದರ ಹಸ್ತಪ್ರತಿ ಒಂದೇ ಒಂದು. ಸಣ್ಣ ಪುಸ್ತಕ; ಇದರೊಂದಿಗೆ ಇನ್ನೂ ಮೂರು ಕಾವ್ಯಗಳೂ ಹನ್ನೆರಡು ಚಿತ್ರಗಳೂ ಅದರಲ್ಲಿವೆ. ರಾಬರ್ಟ್ ಕಾಟನ್ ಎಂಬ ಶ್ರೀಮಂತನ ಗ್ರಂಥಾಲಯದಲ್ಲಿ ಒಂದೊಂದು ಕಪಾಟಿನ ಮೇಲೂ ಒಬ್ಬ ರೋಮನ್ ಚಕ್ರವರ್ತಿಯ ತಲೆ ಇತ್ತು. ಇದು ನೀರೋ ಕಪಾಟಿನ ಪುಸ್ತಕ. 1731ರಲ್ಲಿ ಆ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಎಷ್ಟೋ ಪುಸ್ತಕಗಳು ಸುಟ್ಟವು. ಇದು ಉಳಿಯಿತು. ಉಳಿದರೂ 1839ರವರೆಗೆ ಅಚ್ಚಾಗಲಿಲ್ಲ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಕಥೆ ಬಲ್ಲವರು ತಾಳ್ಮೆಯಿಂದಿರಬೇಕು. ಅರಿಯದವರಿಗೆ ಹೇಳದೆ ಮುಂದೆ ಹೋಗುವಂತಿಲ್ಲ.

ಆರ್ಥರ್ ರಾಜನ ಆಸ್ಥಾನದಲ್ಲಿ ಹೊಸ ವರ್ಷದ ಔತಣ. ಏನಾದರೊಂದು ಅದ್ಭುತ ಕಾಣದೆ ಕೇಳದೆ ಊಟಕ್ಕೆ ಕೂರುವುದಿಲ್ಲವೆಂದು ರಾಜನ ಹಟ. ಅಷ್ಟರಲ್ಲಿ ಕುದುರೆಯ ಮೇಲೆ ಕುಳಿತೇ ಸಭೆಗೆ ನುಗ್ಗಿದ ಒಬ್ಬ ದೈತ್ಯ. ಬಟ್ಟೆ ಹಸುರು, ಗಡ್ಡ ಹಸುರು, ಚರ್ಮ ಹಸುರು, ಕುದುರೆಯೂ ಹಸುರು. ಒಂದು ಕೈಯಲ್ಲಿ ಹಾಲಿ ಗಿಡದ ಕೊಂಬೆ, ಇನ್ನೊಂದರಲ್ಲಿ ಭಾರಿ ಕೊಡಲಿ. ‘ಯಾರಾದರೂ ಈ ಕೊಡಲಿಯಿಂದ ನನಗೊಂದು ಏಟು ಹಾಕಿ, ವರ್ಷ ತುಂಬಿದ ದಿನ ನಾನು ಒಂದು ಏಟು ತಿರುಗಿ ಕೊಡುತ್ತೇನೆ’ ಎಂಬುದು ಅವನ ಆಟ. ಸಭೆ ಮೌನ. ರಾಜನೇ ಎದ್ದಾಗ ಅವನ ಸೋದರಳಿಯ ಗವೇನ್ ವಿನಯದಿಂದ ತಡೆದು ತಾನು ಕೊಡಲಿ ಹಿಡಿದ. ಒಂದೇ ಏಟಿಗೆ ತಲೆ ಉರುಳಿತು. ದೈತ್ಯ ಬೀಳಲಿಲ್ಲ. ನಡೆದು ಹೋಗಿ ತಲೆಯನ್ನು ಕೂದಲು ಹಿಡಿದೆತ್ತಿಕೊಂಡ; ಆ ತಲೆಯೇ ಕಣ್ಣು ತೆರೆದು, ಬರುವ ಹೊಸ ವರ್ಷದ ಬೆಳಗ್ಗೆ ಹಸುರು ಗುಡಿಗೆ ಬರಬೇಕೆಂದು ಹೇಳಿತು. ಮಾತು ಕೊಟ್ಟಾಗಿದೆ.

ಮುಂದಿನ ನವೆಂಬರಿನಲ್ಲಿ ಗವೇನ್ ಹೊರಡುತ್ತಾನೆ. ಅವನ ಗುರಾಣಿಯನ್ನು ವರ್ಣಿಸುವುದಕ್ಕಾಗಿ ಕವಿ ಕಥೆಯನ್ನೇ ನಿಲ್ಲಿಸಿಬಿಡುತ್ತಾನೆ. ಕೆಂಪಿನ ಮೇಲೆ ಚಿನ್ನದ ಪಂಚಕೋನ ನಕ್ಷತ್ರ. ಎತ್ತದೆ ಒಂದೇ ಗೆರೆಯಲ್ಲಿ ಬರೆಯಬಹುದಾದ ನಮ್ಮ ಮಕ್ಕಳ ನಕ್ಷತ್ರ. ಐದು ಇಂದ್ರಿಯ, ಐದು ಬೆರಳು, ಕ್ರಿಸ್ತನ ಐದು ಗಾಯ, ಮೇರಿಮಾತೆಯ ಐದು ಸಂತೋಷ, ಮತ್ತೆ ವೀರನ ಐದು ಗುಣ. ಆ ಐದರಲ್ಲಿ ಉದಾರತೆ, ಸ್ನೇಹ, ಶುಚಿ, ದಾಕ್ಷಿಣ್ಯ, ಕರುಣೆ ಇವೆ. ಶೌರ್ಯದ ಹೆಸರೇ ಇಲ್ಲ! ಗುರಾಣಿಯ ಒಳಮೈಯಲ್ಲಿ, ಅವನೊಬ್ಬನಿಗೆ ಮಾತ್ರ ಕಾಣುವಂತೆ, ಮೇರಿಯ ಚಿತ್ರ. ಹೊರಗೆ ಲೋಕಕ್ಕೆ ವೀರಧರ್ಮ, ಒಳಗೆ ತನಗೆ ಭಕ್ತಿ. ‘ಷಿವಲ್ರಿ’ ಎಂಬ ಮಾತು ಕುದುರೆಯೆಂಬರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ಬರಿಯ ಕುದುರೆ ಸವಾರನನ್ನು ಆ ಶತಮಾನಗಳು ಎಷ್ಟು ತಿದ್ದಿ ತೀಡಿ ಎಂಥ ಆದರ್ಶಕ್ಕೆ ಏರಿಸಿದ್ದುವೆಂಬುದಕ್ಕೆ ಈ ಗುರಾಣಿಯೇ ಸಾಕ್ಷಿ. ಆದರ್ಶಕ್ಕೆ ಎಂದು ಒತ್ತಿ ಹೇಳುತ್ತೇನೆ. ನಿಜವಾದ ಯುದ್ಧಭೂಮಿಯಲ್ಲಿ ಕವಚ ತೊಟ್ಟ ಸವಾರರ ಕಾಲ ಆಗಲೇ ಇಳಿಮುಖವಾಗಿತ್ತು. 1346ರಲ್ಲಿ ಕ್ರೆಸಿಯ ಕಾಳಗದಲ್ಲಿ ಫ್ರಾನ್ಸಿನ ಸವಾರರನ್ನು ಕೆಡವಿದ್ದು ಇಂಗ್ಲೆಂಡಿನ ಬಿಲ್ಲಾಳುಗಳು.

ಪ್ರಯಾಣದ ಭಾಗದಲ್ಲಿ ಊರುಗಳ ಹೆಸರು ಬರುತ್ತವೆ: ಉತ್ತರ ವೇಲ್ಸು, ಆಂಗಲ್ಸೀ ದ್ವೀಪಗಳು, ವಿರಲ್ ಕಾಡು. ದಾರಿಯಲ್ಲಿ ಸರ್ಪಗಳೊಡನೆ, ತೋಳಗಳೊಡನೆ, ಕಾಡುಮನುಷ್ಯರೊಡನೆ ಕಾದಾಡಿದನೆಂದು ಕವಿ ಕೆಲವೇ ಸಾಲಿನಲ್ಲಿ ಮುಗಿಸಿ, ಅವೆಲ್ಲಕ್ಕಿಂತ ಚಳಿಯೇ ಕ್ರೂರವಾಗಿತ್ತು ಎನ್ನುತ್ತಾನೆ. ಕಬ್ಬಿಣದ ಕವಚದಲ್ಲೇ ಮಲಗಬೇಕು, ತಲೆಯ ಮೇಲೆ ಹಿಮದ ಕೊಡುಗೋಲುಗಳು ತೂಗುತ್ತವೆ. ಆ ಸಾಲುಗಳನ್ನು ಬರೆದವನು ಈ ಗುಡ್ಡಗಳ ಚಳಿಗಾಲವನ್ನು ಕಂಬಳಿ ಹೊದೆದು ಕೇಳಿದವನಲ್ಲ, ಮೈಮೇಲೆ ತೆಗೆದುಕೊಂಡವನು. (ಅಂದಹಾಗೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಶ್ರೀಮಂತರೊಬ್ಬರ ಖಾಸಗಿ ಮೃಗಾಲಯದಿಂದ ತಪ್ಪಿಸಿಕೊಂಡ ವಾಲಬಿಗಳು, ಎಂದರೆ ಕುಳ್ಳ ಕಾಂಗರೂಗಳು, ರೋಚಸ್ ಬಂಡೆಗಳಲ್ಲಿ ದಶಕಗಳ ಕಾಲ ಸಂಸಾರ ನಡೆಸಿದವು. ಗವೇನ್ ಕಂಡಿದ್ದರೆ ಅವುಗಳೊಂದಿಗೂ ಕಾದಾಡುತ್ತಿದ್ದನೇನೋ.)

ಕ್ರಿಸ್‌ಮಸ್ಸಿನ ಹಿಂದಿನ ದಿನ, ಪೂಜೆ ಕೇಳಲು ಒಂದು ಜಾಗ ತೋರಿಸೆಂದು ಮೇರಿಯನ್ನು ಬೇಡಿ ಶಿಲುಬೆಯ ಗುರುತು ಮಾಡಿಕೊಂಡ ಕೂಡಲೆ ಮರಗಳ ನಡುವೆ ಒಂದು ಕೋಟೆ ಕಾಣಿಸುತ್ತದೆ. ಲೀಕಿನ ಬಳಿ 1214ರಲ್ಲಿ ಸ್ಥಾಪನೆಯಾದ ಡ್ಯೂಲಾಕ್ರೆಸ್ ಎಂಬ ಕ್ರೈಸ್ತ ಮಠವಿತ್ತು. ಅದಕ್ಕೆ ಸೇರಿದ್ದ ಸ್ವಿದಮ್ಲಿ ಎಂಬ ಜಾಗವೇ ಈ ಕೋಟೆಯ ಮೂಲವೆಂದು ಎಲಿಯಟ್ಟರ ಊಹೆ. ಕೋಟೆಯ ಒಡೆಯ ಆದರದಿಂದ ಉಪಚರಿಸಿ, ಹಸುರು ಗುಡಿ ಎರಡು ಮೈಲಿಯೂ ಇಲ್ಲ, ಮೂರು ದಿನ ವಿಶ್ರಾಂತಿ ಪಡೆ ಎಂದು ನಿಲ್ಲಿಸಿಕೊಂಡ. ಅಲ್ಲೊಂದು ಒಪ್ಪಂದವೂ ಆಯಿತು. ಒಡೆಯ ದಿನವೂ ಬೇಟೆಗೆ ಹೋಗಿ ಗಳಿಸಿದ್ದನ್ನು ಗವೇನನಿಗೆ ಕೊಡಬೇಕು. ಗವೇನ್ ಮನೆಯಲ್ಲಿದ್ದು ಗಳಿಸಿದ್ದನ್ನು ಒಡೆಯನಿಗೆ ಕೊಡಬೇಕು.

ನನಗೆ ಕಾವ್ಯದ ನಿಜವಾದ ಯುದ್ಧವೆನಿಸುವುದು ಈ ಮೂರು ದಿನ. ಹೊರಗೆ ನಾಯಿಗಳ ಬೊಬ್ಬೆ, ಜಿಂಕೆ, ಕಾಡುಹಂದಿ, ನರಿ. ಜಿಂಕೆಯನ್ನು ಕೊಯ್ದು ಪಾಲು ಹಾಕುವುದನ್ನು ಕವಿ ಎಷ್ಟು ವಿವರವಾಗಿ ಹೇಳುತ್ತಾನೆಂದರೆ ನಮ್ಮಂಥ ಸಸ್ಯಾಹಾರಿಗಳು ಆ ಪುಟ ಹಾರಿಸುವುದು ಮೇಲು. ಒಳಗೆ ಗವೇನನ ಮಲಗುವ ಕೋಣೆಯ ಬಾಗಿಲು ಮೆಲ್ಲನೆ ತೆರೆಯುತ್ತದೆ. ಒಡೆಯನ ಸುಂದರಿಯಾದ ಹೆಂಡತಿ ಬಂದು ಮಂಚದ ಅಂಚಿನಲ್ಲಿ ಕೂರುತ್ತಾಳೆ. ವೀರ ನಿದ್ದೆ ಬಂದಂತೆ ನಟಿಸುತ್ತಾನೆ! ದಾಕ್ಷಿಣ್ಯ ಬಿಟ್ಟು ಒರಟಾಗಿ ಹೋಗೆನ್ನುವಂತಿಲ್ಲ. ಶುಚಿ ಬಿಟ್ಟು ಆತಿಥ್ಯಕ್ಕೆ ದ್ರೋಹ ಬಗೆಯುವಂತಿಲ್ಲ. ಗುರಾಣಿಯ ಮೇಲೆ ಒಂದೇ ಗೆರೆಯಲ್ಲಿ ಕೂಡಿಕೊಂಡಿದ್ದ ಗುಣಗಳು ಹಾಸಿಗೆಯ ಮೇಲೆ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಮಾತಿನಲ್ಲೇ ಜಾಣತನದಿಂದ ಜಾರಿಕೊಂಡು, ಮೊದಲ ದಿನ ಒಂದು ಮುತ್ತು, ಎರಡನೆಯ ದಿನ ಎರಡು, ಇಷ್ಟರಲ್ಲೇ ಮುಗಿಸುತ್ತಾನೆ. ಸಂಜೆ ಅವನ್ನು ಒಪ್ಪಂದದಂತೆ ಒಡೆಯನಿಗೆ ಒಪ್ಪಿಸುತ್ತಾನೆ, ಎಲ್ಲಿಂದ ಬಂದವೆಂದು ಹೇಳದೆ.

ಮೂರನೆಯ ದಿನ ಆಕೆ ಚಿನ್ನದುಂಗುರ ಕೊಡಹೋದಳು, ಬೇಡವೆಂದ. ಸೊಂಟದ ಹಸುರು ಪಟ್ಟಿ ಬಿಚ್ಚಿಕೊಟ್ಟಳು, ಅದನ್ನೂ ಬೇಡವೆಂದ. ಇದನ್ನು ಕಟ್ಟಿಕೊಂಡವನನ್ನು ಯಾರೂ ಕೊಲ್ಲಲಾರರು ಎಂದಳು. ಮರುದಿನ ಬೆಳಗ್ಗೆ ಕೊಡಲಿಗೆ ಕತ್ತೊಡ್ಡಬೇಕಾದವನು ಈ ಮಾತಿಗೆ ಏನು ಹೇಳಬೇಕು? ತೆಗೆದುಕೊಂಡ, ಗಂಡನಿಗೆ ಹೇಳಬೇಡವೆಂದಾಗ ಅದಕ್ಕೂ ಒಪ್ಪಿದ. ಸಂಜೆ ಮೂರು ಮುತ್ತು ಒಪ್ಪಿಸಿದ, ಪಟ್ಟಿಯನ್ನು ಒಪ್ಪಿಸಲಿಲ್ಲ. ಈ ಎರಡರ ನಡುವೆ ಕವಿ ಒಂದು ಸಂಗತಿಯನ್ನು ಸದ್ದಿಲ್ಲದೆ ಇಟ್ಟಿದ್ದಾನೆ. ಪಟ್ಟಿಯನ್ನು ಅಡಗಿಸಿಟ್ಟ ಮೇಲೆ ಗವೇನ್ ಕೋಟೆಯ ಗುಡಿಗೆ ಹೋಗಿ ಪಾದ್ರಿಯ ಮುಂದೆ ತನ್ನ ಪಾಪಗಳನ್ನು ನಿವೇದಿಸಿಕೊಳ್ಳುತ್ತಾನೆ. ಮರುದಿನವೇ ಪ್ರಳಯವಾದರೂ ಚಿಂತೆಯಿಲ್ಲವೆಂಬಷ್ಟು ಶುದ್ಧನಾಗಿ ಎದ್ದುಬರುತ್ತಾನೆಂದು ಕವಿಯ ಮಾತು. ಪಟ್ಟಿಯ ವಿಷಯ ಹೇಳಿದನೆ? ಹೇಳಿದ್ದರೆ ಒಡೆಯನಿಗೆ ಏಕೆ ಕೊಡಲಿಲ್ಲ? ಹೇಳದಿದ್ದರೆ ಶುದ್ಧನಾದದ್ದು ಹೇಗೆ? ಪಂಡಿತರು ಇಂದಿಗೂ ಜಗಳವಾಡುತ್ತಾರೆ. ನನಗನ್ನಿಸುವುದು, ಅದು ಪಾಪವೆಂದು ಅವನಿಗೆ ತೋರಲೇ ಇಲ್ಲ. ಜೀವದ ಆಸೆ ಪಾಪದ ವೇಷದಲ್ಲಿ ಬರುವುದಿಲ್ಲವಲ್ಲ. ಮುನ್ನೆಚ್ಚರಿಕೆಯ ವೇಷದಲ್ಲಿ ಬರುತ್ತದೆ.

ಮರುದಿನ ಹಿಮ. ದಾರಿ ತೋರಲು ಬಂದ ಆಳು ಕಾಡಿನ ಅಂಚಿನಲ್ಲಿ ನಿಂತು, ‘ಬೇರೆ ದಾರಿಯಲ್ಲಿ ಹೊರಟುಹೋಗಿ, ನಾನು ಯಾರಿಗೂ ಹೇಳುವುದಿಲ್ಲ’ ಎನ್ನುತ್ತಾನೆ. ನೋಡುವವರು ಯಾರೂ ಇಲ್ಲ. ಗವೇನ್ ಅವನಿಗೆ ವಂದಿಸಿ ಮುಂದೆ ಹೋಗುತ್ತಾನೆ. ಗುಡಿಯೆಂದು ಹುಡುಕಿದರೆ ಕಾಣುವುದು ಹುಲ್ಲು ಬೆಳೆದ ಒಂದು ದಿಬ್ಬ, ಒಳಗೆ ಪೊಳ್ಳು. ಹಳೆಯ ಗವಿಯೋ ಬಂಡೆಯ ಬಿರುಕೋ ತಿಳಿಯದು. ನಡುರಾತ್ರಿ ಸೈತಾನ ಪೂಜೆ ಮಾಡುವುದಕ್ಕೆ ಸರಿಯಾದ ಜಾಗವೆಂದುಕೊಳ್ಳುತ್ತಾನೆ. ಆಗ ಆಚೆ ದಡದಿಂದ ಸಾಣೆಕಲ್ಲಿಗೆ ಕೊಡಲಿ ಹಿಡಿಯುವ ಸದ್ದು.

ನಿಷ್ಠುರವಾಗಿ ಹೇಳಬೇಕೆಂದರೆ ನಾವು ನಿಂತಿದ್ದ ಕೊರಕಲು ಈ ವರ್ಣನೆಗೆ ಪೂರ್ತಿ ಹೊಂದುವುದಿಲ್ಲ. ದಿಬ್ಬವೆಲ್ಲಿ? ಪಕ್ಕದಲ್ಲೇ ಕುದಿಯುವ ತೊರೆಯೆಲ್ಲಿ? ತೊರೆ ಬಹಳ ಕೆಳಗಿದೆ. ಮ್ಯಾನಿಫೋಲ್ಡ್ ಕಣಿವೆಯಲ್ಲಿ ವೆಟನ್ ಗಿರಣಿಯ ಬಳಿಯ ಗವಿಯೇ ಸರಿಯೆಂದು ವಾದಿಸುವವರೂ ಇದ್ದಾರೆ. ಆದರೆ ‘ಬಂಡೆಯ ಬಿರುಕು’ ಎಂಬ ಮಾತು, ಸುತ್ತಲ ನಾಡು, ಎಲ್ಲಕ್ಕಿಂತ ಮಿಗಿಲಾಗಿ ಈ ಹಸುರು. ಇದನ್ನು ಕಂಡ ಕವಿಗೆ ಕಥೆ ಬೇರೆಲ್ಲೋ ಮುಗಿದೀತೆಂದು ನನಗಂತೂ ನಂಬಿಕೆಯಾಗದು.

ಅಲ್ಲೇ ಒಂದು ಒದ್ದೆಗಲ್ಲಿನ ಮೇಲೆ ನಿಂತು ಉಳಿದ ಕಥೆಯನ್ನು ನನ್ನ ಹೆಂಡತಿಗೆ ಹೇಳಿದೆ. ಕೊಡಲಿ ಮೊದಲ ಸಲ ಇಳಿದಾಗ ಗವೇನನ ಭುಜ ಅಳುಕಿತು. ಹಸುರು ವೀರ ತಡೆದು ಹಂಗಿಸಿದ. ಎರಡನೆಯ ಸಲ ಅಲುಗದೆ ನಿಂತ, ಬೇಕೆಂದೇ ತಡೆದ. ಮೂರನೆಯ ಸಲ ಕತ್ತಿಗೆ ಒಂದು ಗೀರು ಮಾತ್ರ. ಹಿಮದ ಮೇಲೆ ತನ್ನ ರಕ್ತದ ಹನಿ ಕಂಡು, ಹುಟ್ಟಿದಂದಿನಿಂದ ಕಾಣದ ಸಂತೋಷದಿಂದ ಗವೇನ್ ನೆಗೆದು ನಿಂತ. ಬದುಕಿದ್ದಾನಲ್ಲ! ಆಗ ಹಸುರು ವೀರ ನಕ್ಕು, ತಾನೇ ಆ ಕೋಟೆಯ ಒಡೆಯ ಬರ್ಟಿಲಾಕ್ ಎಂದ. ಹೆಂಡತಿಯನ್ನು ಕಳಿಸಿದವನೂ ತಾನೇ. ಎರಡು ದಿನದ ಪ್ರಾಮಾಣಿಕತೆಗೆ ಎರಡು ಹುಸಿ ಏಟು, ಮೂರನೆಯ ದಿನದ ಪಟ್ಟಿಗೆ ಈ ಗೀರು. ಆದರೆ ನೀನು ಅದನ್ನು ಬಚ್ಚಿಟ್ಟದ್ದು ಕಳ್ಳತನಕ್ಕಲ್ಲ, ಚಪಲಕ್ಕಲ್ಲ, ಜೀವದ ಮೇಲಿನ ಆಸೆಗೆ; ಅದಕ್ಕಾಗಿ ನಿನ್ನನ್ನು ಹೆಚ್ಚು ದೂರಲಾರೆ ಎಂದ. ಗವೇನನಿಗೆ ಸಮಾಧಾನವಿಲ್ಲ. ನಾಚಿಕೆಯಿಂದ ಕೆಂಪಾಗಿ ಪಟ್ಟಿಯನ್ನು ಕಿತ್ತೆಸೆದು, ತನ್ನ ಹೇಡಿತನವನ್ನೂ ಲೋಭವನ್ನೂ ಶಪಿಸಿದ. ಆಮೇಲೆ, ಆಡಮನಿಂದ ಹಿಡಿದು ಸಾಲೊಮನ್, ಸ್ಯಾಮ್ಸನ್, ಡೇವಿಡ್‌ವರೆಗೆ ದೊಡ್ಡವರೆಲ್ಲ ಹೆಂಗಸರಿಂದಲೇ ಕೆಟ್ಟರೆಂದು ಸ್ವಲ್ಪ ಹೊತ್ತು ಭಾಷಣ ಮಾಡಿದ.

“ಕಳಿಸಿದವನು ಗಂಡ, ತೆಗೆದುಕೊಂಡವನು ಈತ, ಬೈಗುಳ ಮಾತ್ರ ಹೆಂಗಸರಿಗೆ,” ಎಂದಳು ನನ್ನ ಹೆಂಡತಿ. ವೀರಧರ್ಮದ ಮೇಲೆ ಇಷ್ಟು ಚಿಕ್ಕ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಗೆಳೆಯರು ಗವೇನನ ಪಕ್ಷ ವಹಿಸಿದರು. ಯಾರಿಗೂ ಕಾಣದ ಕಡೆ, ಹಿಂದಿರುಗಲು ದಾರಿ ತೆರೆದಿದ್ದಾಗ, ಕೊಟ್ಟ ಮಾತಿಗಾಗಿ ಸಾಯಲು ನಡೆದು ಹೋದವನಲ್ಲವೆ? ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯ ಹಾಗೆ. ಹೌದು, ಹೋಲಿಕೆ ಮನಸ್ಸಿಗೆ ತಾನಾಗಿ ಬರುತ್ತದೆ. ಆದರೆ ಪುಣ್ಯಕೋಟಿ ಕರುವನ್ನು ಬಿಟ್ಟು ಬರಿಗೈಯಲ್ಲಿ ಹೋದಳು. ಅವಳ ಕೊರಳಲ್ಲಿ ತಾಯಿತವಿರಲಿಲ್ಲ. ಅವಳ ಸತ್ಯಕ್ಕೆ ಹುಲಿಯೇ ನಾಚಿ ಪ್ರಾಣಬಿಟ್ಟಿತು. ಇಲ್ಲಿ ಸತ್ಯ ಒಂದೆಳೆ ಸಡಿಲವಾಗಿದೆ, ಹುಲಿ ನಗುತ್ತದೆ. ನಮ್ಮ ಹಾಡು ಕೇಳಿದವನು ಕಣ್ಣೊರೆಸಿಕೊಳ್ಳುತ್ತಾನೆ. ಈ ಕಾವ್ಯ ಓದಿದವನು ತನ್ನ ಸೊಂಟ ಮುಟ್ಟಿ ನೋಡಿಕೊಳ್ಳುತ್ತಾನೆ. ಇಂಗ್ಲಿಷರ ಹಳೆಯ ವೀರಕಾವ್ಯಗಳೂ ಹೀಗಿರಲಿಲ್ಲ. 991ರಲ್ಲಿ ಎಸೆಕ್ಸ್ ತೀರದ ಮಾಲ್ಡನ್ನಿನಲ್ಲಿ ವೈಕಿಂಗರೊಡನೆ ನಡೆದ ಕಾಳಗದ ಕಾವ್ಯದಲ್ಲಿ ಒಡೆಯ ಬಿದ್ದ ಮೇಲೂ ಅವನ ಭಟರು ಶವದ ಸುತ್ತ ಕಾದಾಡಿ ಸಾಯುತ್ತಾರೆ; ನಮ್ಮ ವೀರಗಲ್ಲುಗಳ ಜಾತಿಯ ಶೌರ್ಯ ಅದು. ನಾನೂರು ವರ್ಷ ಕಳೆದು, ಅದೇ ನಾಡು ಸಾವಿಗೆ ಅಂಜದವನ ಕಥೆಯನ್ನು ಬಿಟ್ಟು ಅಂಜಿದರೂ ಬಂದವನ ಕಥೆ ಹೇಳುತ್ತಿದೆ. ನನಗೆ ಇವನೇ ಹತ್ತಿರದವನು.

ಕೊರಕಲಿನ ಇನ್ನೊಂದು ತುದಿಗೆ ಹೋಗುವಾಗ ಗೆಳೆಯರು ಆ ಜಾಗದ ಮತ್ತೊಂದು ಕಥೆ ಹೇಳಿದರು. ಜಾನ್ ವಿಕ್ಲಿಫ್ (ನಿಧನ 1384) ಎಂಬ ಧರ್ಮಗುರುವಿನ ಅನುಯಾಯಿಗಳಿಗೆ ಲೊಲಾರ್ಡರೆಂದು ಹೆಸರು. ಬೈಬಲ್ಲು ಜನರ ಮಾತಿನಲ್ಲಿರಬೇಕೆಂದವರು. 1401ರಲ್ಲಿ ಅಂಥವರನ್ನು ಸುಡುವುದಕ್ಕೆ ಇಂಗ್ಲೆಂಡಿನಲ್ಲಿ ಕಾನೂನೇ ಆಯಿತು. ಅವರ ಒಂದು ಗುಂಪು ಈ ಬಿರುಕಿನಲ್ಲಿ ಅಡಗಿ ಪ್ರಾರ್ಥನೆ ಮಾಡುತ್ತಿತ್ತೆಂದೂ ಅವರ ಮುಂದಾಳಿನ ಹೆಸರಿನಿಂದಲೇ ಲಡ್ಸ್ ಚರ್ಚ್ ಎಂಬ ಹೆಸರು ಬಂತೆಂದೂ ಸ್ಥಳಪುರಾಣ. ಕಾನೂನು ಚರಿತ್ರೆ, ಉಳಿದದ್ದು ಐತಿಹ್ಯ. ಗವೇನನ ಕಾವ್ಯವನ್ನು ಹಸ್ತಪ್ರತಿಗೆ ಬರೆಸಿದ ಕಾಲಕ್ಕೂ ಈ ಕಾನೂನಿಗೂ ಹೆಚ್ಚು ಅಂತರವಿಲ್ಲ. ಅಲ್ಲಿ ಕೋಟೆಯ ಗುಡಿಯಲ್ಲಿ ಬೆಚ್ಚಗೆ ಪಾಪನಿವೇದನೆ. ಇಲ್ಲಿ ಪ್ರಾರ್ಥನೆ ಮಾಡಿದ್ದೇ ಪಾಪ. ಆ ಒದ್ದೆಗೋಡೆಗೆ ಕೈಯಿಟ್ಟಾಗ ಎರಡನೆಯ ಕಥೆಯೇ ಹೆಚ್ಚು ತಣ್ಣಗೆ ತಾಗಿತು.

ಗಂಟೆ ಮೂರೂವರೆಗೆ ಬೆಳಕು ಕುಗ್ಗತೊಡಗಿದ್ದರಿಂದ ಬೇಗ ಬೇಗ ಇಳಿದೆವು. ಇಳಿಯುತ್ತ ಕಥೆಯ ಕೊನೆಯನ್ನೂ ಹೇಳಿದೆ. ಗವೇನ್ ಆ ಪಟ್ಟಿಯನ್ನು ತನ್ನ ತಪ್ಪಿನ ಗುರುತಾಗಿ ಹೆಗಲಿಗಡ್ಡ ಕಟ್ಟಿಕೊಂಡು ಊರಿಗೆ ಮರಳುತ್ತಾನೆ. ಕತ್ತಿನ ಗೀರು ತೋರಿಸಿ, ನಡೆದುದೆಲ್ಲವನ್ನೂ ಹೇಳಿ, ಸಾಯುವವರೆಗೆ ಇದನ್ನು ತೊಡುತ್ತೇನೆ ಎನ್ನುತ್ತಾನೆ. ಸಭೆ ಗಟ್ಟಿಯಾಗಿ ನಗುತ್ತದೆ. ರಾಜ ಸಮಾಧಾನ ಹೇಳುತ್ತಾನೆ. ಅವನ ಮೇಲಿನ ಪ್ರೀತಿಗಾಗಿ ಎಲ್ಲ ವೀರರೂ ಎಲ್ಲ ಹೆಂಗಸರೂ ಅಂಥದೇ ಹಸುರು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅದೇ ಗೌರವದ ಚಿಹ್ನೆಯಾಗುತ್ತದೆ. ಆ ನಗುವನ್ನು ಕೇಳಿ ಗವೇನನಿಗೆ ಏನನ್ನಿಸಿತೆಂದು ಕವಿ ಹೇಳುವುದಿಲ್ಲ. ಹಸ್ತಪ್ರತಿಯ ಕೊನೆಯಲ್ಲಿ, ಮೂರನೆಯ ಎಡ್ವರ್ಡ್ ರಾಜ 1348ರಲ್ಲಿ ಕಟ್ಟಿದ ಗಾರ್ಟರ್ ವೀರಮಂಡಲದ ಫ್ರೆಂಚ್ ಧ್ಯೇಯವಾಕ್ಯವನ್ನು ಯಾರೋ ಬರೆದಿದ್ದಾರೆ. ಆ ಮಂಡಲದವರೂ ಪಟ್ಟಿಯೊಂದನ್ನು ಕಟ್ಟುವವರೇ. ಅವರದು ಮಾತ್ರ ನೀಲಿ.